ಲ್ಯಾಕ್ಟೋಮೀಟರ್‌ಗೆ ಕಾಣದ ಕೊಳೆ

ನಾನಿರುವ ಕೊಡಿಯಾಲ್‌ಬೈಲಿನಲ್ಲಿ ಬೈಲು ಈಗ ಹೆಸರಲ್ಲಷ್ಟೇ ಉಳಿದಿದೆ. ಸುತ್ತ ಫ್ಲ್ಯಾಟು, ಆಸ್ಪತ್ರೆ, ಆಫೀಸು. ಹಟ್ಟಿ ಯಾವುದು, ಹಾಲು ಕರೆದವರು ಯಾರು ಅಂತ ನಮಗೆ ಗೊತ್ತಿಲ್ಲ. ಗೊತ್ತಿರೋದು ಬೆಳಗ್ಗೆ ಬರುವ ನಂದಿನಿ ಪ್ಯಾಕೆಟ್ಟು. ಆದರೂ ಹಾಲಿನ ವಿಷಯ ಬಂದರೆ ನಮ್ಮ ಮೊದಲ ಅನುಮಾನ ಒಂದೇ: "ನೀರು ಹಾಕಿದ್ದಾರಾ?" ಈ ಅನುಮಾನಕ್ಕೂ ಒಂದು ಚರಿತ್ರೆ ಇದೆ.

1954ರಲ್ಲಿ ಬಂದ ಕೇಂದ್ರದ ಕಾನೂನಿನ ಹೆಸರೇ ಆಹಾರ ಕಲಬೆರಕೆ ತಡೆ ಕಾಯ್ದೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಕರ್ನಾಟಕಕ್ಕೆ ಬಂತು, 1984ರಲ್ಲಿ ಕೆಎಂಎಫ್ ಆಯ್ತು. ಊರೂರ ಸೊಸೈಟಿಗಳಲ್ಲಿ ನೀರು ಹಿಡಿಯಲು ಲ್ಯಾಕ್ಟೋಮೀಟರ್, ಕೊಬ್ಬು ಅಳೆಯಲು ಗರ್ಬರ್ ಪರೀಕ್ಷೆ. ಶಾಲೆಗೆ ಹೋಗದವರಿಗೂ "ಡಿಗ್ರಿ", "ಫ್ಯಾಟ್" ಅನ್ನೋ ಮಾತು ಬಾಯಿಪಾಠವಾಯ್ತು. ಯಾಕಂದ್ರೆ ಕೈಗೆ ಬರುವ ದುಡ್ಡು ನಿಂತಿದ್ದು ಅದರ ಮೇಲೆ.

ಆದರೆ ಕರೆಯುವವರು ಕೈ ತೊಳೆದಿದ್ದರಾ, ಕೆಚ್ಚಲು ಒರೆಸಿದ್ದರಾ, ಕ್ಯಾನಿನ ಮುಚ್ಚಳದ ಸಂದಿಯಲ್ಲಿ ನಿನ್ನೆಯ ಹಾಲು ಉಳಿದಿತ್ತಾ? ಇದನ್ನು ಲ್ಯಾಕ್ಟೋಮೀಟರ್ ಹೇಳಲ್ಲ. ನಮ್ಮೂರಿನ ಸೆಕೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿ ಆಗಬಲ್ಲವು. ಲೆಕ್ಕ ಹಾಕಿ: ಒಂದು ಇದ್ದದ್ದು ಮೂರು ಗಂಟೆಯಲ್ಲಿ 512. ಬಲ್ಕ್ ಕೂಲರ್ ಹಾಲನ್ನು 4 ಡಿಗ್ರಿಗೆ ಇಳಿಸೋದು ಈ ಓಟ ತಡೆಯೋಕೆ.

ಕೊಳೆ ಹಿಡಿಯುವ ಪರೀಕ್ಷೆಯೂ ಇದೆ. ಹಾಲಿಗೆ ಮೆಥಿಲೀನ್ ಬ್ಲೂ ಹಾಕಿ ಬೆಚ್ಚಗಿಡುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯ. ಚೊಕ್ಕ ಹಾಲಾದರೆ ಗಂಟೆಗಟ್ಟಲೆ ನೀಲಿ ಉಳಿಯುತ್ತೆ. ಆದರೆ ಬೆಳಗ್ಗೆ ಸೊಸೈಟಿಯ ಸಾಲಿನಲ್ಲಿ ನಿಂತವರಿಗೆ ಅಷ್ಟು ಕಾಯುವ ಪುರುಸೊತ್ತು ಎಲ್ಲಿ? ಲ್ಯಾಕ್ಟೋಮೀಟರ್‌ಗೆ ನಿಮಿಷ ಸಾಕು.

"ಹೇಗೂ ಕುದಿಸ್ತೇವಲ್ಲ" ಅಂತೀರಾ? ಡೈರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಪಾಶ್ಚರೀಕರಣ ಮಾಡಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಗಾಯವಾದ ಕೈಯಿಂದಲೋ ಕೆಚ್ಚಲುಬಾವು ಬಂದ ದನದಿಂದಲೋ ಸೇರುವ ಸ್ಟೆಫಿಲೊಕಾಕಸ್ ಹಾಲಿನಲ್ಲಿ ಬೆಳೆದು ವಿಷ ಬಿಟ್ಟರೆ, ಆ ವಿಷ ಕುದಿಸಿದರೂ ಪೂರ್ತಿ ಹೋಗಲ್ಲ. ಮೊದಲ ಕೈಯ ತಪ್ಪನ್ನು ಕೊನೆಯ ಒಲೆ ತಿದ್ದಲಾರದು.

ಕಾನೂನು ಇದನ್ನು ಒಪ್ಪಿಕೊಳ್ಳಲು ಅರ್ಧ ಶತಮಾನ ಬೇಕಾಯ್ತು. 2006ರ ಕಾಯ್ದೆಯ ಹೆಸರಿನಲ್ಲಿ ಕಲಬೆರಕೆ ಹೋಗಿ ಸುರಕ್ಷತೆ ಬಂತು. 2011ರ ನಿಯಮಗಳು ಆಹಾರ ಮುಟ್ಟುವ ಕೆಲಸಗಾರರ ಶುಚಿ, ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಎಲ್ಲ ಹೇಳಿದವು. ಆದರೆ ಪೂರ್ತಿ ಹಾಲನ್ನು ತಮ್ಮ ಸಹಕಾರ ಸಂಘಕ್ಕೇ ಹಾಕುವ ಸದಸ್ಯರಿಗೆ ಅದೇ ನಿಯಮಗಳು ನೋಂದಣಿಯಿಂದ ವಿನಾಯಿತಿ ಕೊಟ್ಟವು. ನಾಲ್ಕು ದನ ಸಾಕಿ ಬದುಕುವವರನ್ನು ಕಾಗದಪತ್ರಕ್ಕೆ ಅಲೆಸದಿದ್ದದ್ದು ನ್ಯಾಯವೇ. ಆದರೆ ಅವರಿಗೆ ಕಲಿಸುವ ಹೊಣೆ ಪೂರ್ತಿ ಸಂಘದ ಮೇಲೆ ಬಿತ್ತು.

ನನಗನಿಸೋದಿಷ್ಟು. ಫ್ಯಾಟ್ ಅಂದರೇನು ಅಂತ ಹಳ್ಳಿಗೆ ಕಲಿಸಿದ್ದು ಭಾಷಣವಲ್ಲ, ರೇಟು. ಶುಚಿಯೂ ಹಾಗೇ ಕಲಿಯಬೇಕಾದ್ದು. ಬಿಸಿನೀರು, ಸೋಪು, ಸ್ಟೀಲ್ ಕ್ಯಾನು, ಬೆಳಗಿನ ಜಾವದ ಹತ್ತು ನಿಮಿಷ ಯಾವುದೂ ಪುಕ್ಕಟೆ ಅಲ್ಲ. ಅದಕ್ಕೆಂದು ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚಾದರೆ, ಕಾಫಿಗೆ ನೂರೈವತ್ತು ಕೊಡುವ ನಾವು ಗೊಣಗಬಾರದು.