ದೇಹವಿಲ್ಲದ ಗೋರಿಗೆ ಚಿನ್ನದ ರಾಶಿ

1972ರ ಅಕ್ಟೋಬರ್. ಕಪ್ಪು ಸಮುದ್ರದ ದಡದಲ್ಲಿರುವ ಬಲ್ಗೇರಿಯದ ವಾರ್ನಾ ನಗರದ ಅಂಚಿನಲ್ಲಿ ವಿದ್ಯುತ್ ಕೇಬಲ್ಲಿಗಾಗಿ ಕಂದಕ ತೋಡುವ ಕೆಲಸ ನಡೆದಿತ್ತು. ಯಂತ್ರ ನಡೆಸುತ್ತಿದ್ದ 22 ವರ್ಷದ ಯುವಕನ ಕಣ್ಣಿಗೆ ಮಣ್ಣಿನ ನಡುವೆ ಹಳದಿ ಲೋಹದ ಚೂರುಗಳು ಬಿದ್ದವು. ವಸ್ತುಗಳು ವಸ್ತುಸಂಗ್ರಹಾಲಯದವರ ಕೈ ಸೇರಿದಾಗ, ಅದು ಪ್ರಪಂಚದ ಅತಿ ಹಳೆಯ ಚಿನ್ನದ ಭಂಡಾರವೆಂಬುದು ಬೆಳಕಿಗೆ ಬಂತು.

ಪುರಾತತ್ವಜ್ಞ ಇವಾನ್ ಇವಾನೊವ್ ಅವರ ನೇತೃತ್ವದಲ್ಲಿ ಸುಮಾರು ಎರಡು ದಶಕ ಉತ್ಖನನ ನಡೆಯಿತು. ಸಿಕ್ಕ ಗೋರಿಗಳು 294. ಚಿನ್ನದ ವಸ್ತುಗಳು 3,000ಕ್ಕೂ ಹೆಚ್ಚು, ಒಟ್ಟು ತೂಕ ಸುಮಾರು ಆರು ಕಿಲೋ. ಕಾಲ ಕ್ರಿ.ಪೂ. 4500ರ ಆಸುಪಾಸು. ಈಜಿಪ್ಟಿನ ಮಹಾ ಪಿರಮಿಡ್ಡಿಗೆ ಆಗ ಇನ್ನೂ ಸುಮಾರು ಎರಡು ಸಾವಿರ ವರ್ಷ ಬಾಕಿ.

ಈ ಕಾಲಗಣನೆಯೇ ವಿದ್ವಾಂಸರ ಹಳೆಯ ನಂಬಿಕೆಗೆ ಪೆಟ್ಟು ಕೊಟ್ಟಿತು. ಲೋಹವಿದ್ಯೆ ಪಶ್ಚಿಮ ಏಷ್ಯಾದಲ್ಲಿ ಹುಟ್ಟಿ, ಏಜಿಯನ್ ಸಮುದ್ರದ ಹಾದಿಯಾಗಿ ಯೂರೋಪಿನ ಹಳ್ಳಿಗರಿಗೆ ತಲುಪಿತೆಂದು ಗಾರ್ಡನ್ ಚೈಲ್ಡ್ ಅವರ ಕಾಲದಿಂದ ಕಲಿಸಲಾಗುತ್ತಿತ್ತು. ರೇಡಿಯೋ ಕಾರ್ಬನ್ ಲೆಕ್ಕವನ್ನು ಮರದ ಬೆಳವಣಿಗೆಯ ಉಂಗುರಗಳೊಡನೆ ತಾಳೆ ನೋಡಿದ ಮೇಲೆ ಬಾಲ್ಕನ್ ಪ್ರದೇಶದ ತಾಮ್ರ ಟ್ರಾಯ್ ನಗರಕ್ಕಿಂತಲೂ ಎಷ್ಟೋ ಹಳೆಯದೆಂದು ಗೊತ್ತಾಯಿತು. ಶಿಷ್ಯನೇ ಗುರುವಿಗಿಂತ ಮೊದಲು ಹುಟ್ಟಿದಂತಾಯಿತು! ಅಲ್ಲಿನವರು ಈ ವಿದ್ಯೆಯನ್ನು ತಾವೇ ಕಂಡುಕೊಂಡರೆಂದು ಬ್ರಿಟನ್ನಿನ ಕಾಲಿನ್ ರೆನ್‌ಫ್ರೂ 1969ರಲ್ಲೇ ವಾದಿಸಿದ್ದರು.

ವಾದಕ್ಕೆ ಆಧಾರವೂ ಇತ್ತು. ಆ ಹಳ್ಳಿಗರು ನುರಿತ ಕುಂಬಾರರು. ಗ್ರಾಫೈಟಿನ ಹೊಳಪುಳ್ಳ ಮಡಕೆ ಸುಡಲು ಬೆಂಕಿಯನ್ನೂ ಗಾಳಿಯನ್ನೂ ಹತೋಟಿಯಲ್ಲಿಡುವುದನ್ನು ಬಲ್ಲವರು. ತಾಮ್ರ ಕರಗಲು ಬೇಕಾದ 1,083 ಡಿಗ್ರಿ ಸೆಲ್ಸಿಯಸ್ ಶಾಖದ ಕಡೆಗೆ ಅದು ಮೊದಲ ಮೆಟ್ಟಿಲು. ಸ್ತಾರಾ ಝಗೋರಾ ಪಟ್ಟಣದ ಬಳಿಯ ಐ ಬುನಾರ್‌ನಲ್ಲಿ ಅವರು ತಾಮ್ರದ ಅದಿರು ತೆಗೆದ ಗಣಿಗಳನ್ನು ರಷ್ಯದ ಎವ್ಗೆನಿ ಚೆರ್ನಿಖ್ ಪತ್ತೆ ಮಾಡಿದರು. ಜಿಂಕೆಯ ಕೊಂಬೇ ಅಲ್ಲಿ ಗುದ್ದಲಿ.

ಆದರೆ ವಾರ್ನಾ ಎತ್ತಿದ ದೊಡ್ಡ ಪ್ರಶ್ನೆ ಲೋಹದ್ದಲ್ಲ, ಮನುಷ್ಯರದ್ದು. 43ನೇ ಸಂಖ್ಯೆಯ ಗೋರಿಯಲ್ಲಿ ಮಲಗಿದ್ದ ಒಬ್ಬ ಗಂಡಸಿನ ಜೊತೆ 990 ಚಿನ್ನದ ವಸ್ತುಗಳಿದ್ದವು, ತೂಕ ಒಂದೂವರೆ ಕಿಲೋ. ಕೈ ಬಳಿ ಚಿನ್ನ ಹೊದಿಸಿದ ಹಿಡಿಯ ಕಲ್ಲಿನ ಕೊಡಲಿ. ಅದು ಮರ ಕಡಿಯುವ ಕೊಡಲಿಯಲ್ಲ, ರಾಜದಂಡದಂಥದ್ದು. ಅದೇ ಸ್ಮಶಾನದ ಎಷ್ಟೋ ಗೋರಿಗಳಲ್ಲಿ ಒಂದೆರಡು ಮಡಕೆ ಬಿಟ್ಟರೆ ಹೆಚ್ಚೇನಿಲ್ಲ.

ಅದೇ ಕಾಲದ ಒವ್ಚಾರೊವೊ, ಪೊಲ್ಯಾನಿತ್ಸಾ ಹಳ್ಳಿಗಳ ಅವಶೇಷ ನೋಡಿದರೆ ಅರಮನೆಯಿಲ್ಲ, ಮನೆಗಳಲ್ಲಿ ಹೇಳಿಕೊಳ್ಳುವಂಥ ಅಂತರವೂ ಇಲ್ಲ. ಬದುಕಿದ್ದಾಗ ಹೆಚ್ಚು ಕಡಿಮೆ ಸಮಾನರು, ಸತ್ತ ಮೇಲೆ ಅಜಗಜಾಂತರ. ಬಾಲ್ಕನ್ನಿನ ಈ 'ಹಳೆಯ ಯೂರೋಪ್' ಮಾತೃದೇವತೆಯನ್ನು ಪೂಜಿಸುವ, ಮೇಲು ಕೀಳಿಲ್ಲದ ಶಾಂತ ಸಮಾಜವಾಗಿತ್ತೆಂದು ವಾದಿಸಿದ ಮರಿಯಾ ಗಿಂಬುಟಸ್ ಅವರ ಚಿತ್ರಕ್ಕೆ 43ನೇ ಗೋರಿ ಸುಲಭವಾಗಿ ಒಗ್ಗುವುದಿಲ್ಲ.

ಹಾಗೆಂದು ಆತನನ್ನು ರಾಜನೆಂದು ಕರೆದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಚಿನ್ನದ ಬಹುಪಾಲು ಸಿಕ್ಕಿದ್ದು ನಾಲ್ಕೇ ಗೋರಿಗಳಲ್ಲಿ. ಅವುಗಳಲ್ಲಿ ಮೂರರಲ್ಲಿ ಹೆಣವೇ ಇರಲಿಲ್ಲ. ಇನ್ನೂ ಮೂರು ಖಾಲಿ ಗೋರಿಗಳಲ್ಲಿ ತಲೆಯ ಜಾಗದಲ್ಲಿ ಮಣ್ಣಿನ ಮುಖವಾಡವಿಟ್ಟು, ಅದಕ್ಕೆ ಚಿನ್ನದ ಓಲೆ ತೊಡಿಸಿದ್ದರು. ದೂರದಲ್ಲಿ ಸತ್ತವರಿಗೋ, ದೇವತೆಗೋ, ಅಥವಾ ಒಂದು ಪದವಿಗೇ ನಡೆದ ಸಂಸ್ಕಾರವೋ? ಮೂರಕ್ಕೂ ವಾದಿಸುವವರಿದ್ದಾರೆ. ಆದರೆ ಹೆಣವೇ ಇಲ್ಲದ ಕಡೆ ಇಷ್ಟು ಚಿನ್ನ ಹೂತರೆಂದ ಮೇಲೆ, ಅದನ್ನು ಒಬ್ಬನ ಸ್ವಂತ ಆಸ್ತಿಯೆಂದು ತಿಳಿಯುವುದು ಕಷ್ಟ.

ಬೆಲೆಯ ವಿಷಯದಲ್ಲೂ ಅವರ ಲೆಕ್ಕ ನಮ್ಮದಲ್ಲ. ಏಜಿಯನ್ ಸಮುದ್ರದಿಂದ ಬರುತ್ತಿದ್ದ ಸ್ಪಾಂಡಿಲಸ್ ಚಿಪ್ಪಿನ ಬಳೆ ಒಡೆದಾಗ ಅದಕ್ಕೆ ಚಿನ್ನದ ತಗಡಿನಿಂದ ತೇಪೆ ಹಾಕಿದ್ದರು. ಇಂದಿನ ಅಕ್ಕಸಾಲಿಗ ಕೇಳಿದರೆ ನಕ್ಕಾನು.

ಕ್ರಿ.ಪೂ. 4200ರ ಸುಮಾರಿಗೆ ಈ ಸೀಮೆಯ ಹಳ್ಳಿದಿಬ್ಬಗಳು ಒಂದೊಂದಾಗಿ ಪಾಳುಬಿದ್ದವು. ಹವೆ ಕೆಟ್ಟಿತೆಂದು ಕೆಲವರು, ಹುಲ್ಲುಗಾವಲಿನ ಪಶುಪಾಲಕರು ಬಂದರೆಂದು ಗಿಂಬುಟಸ್ ಪಂಥದವರು ಹೇಳುತ್ತಾರೆ. ವಾರ್ನಾದ ಚಿನ್ನ ಈಗ ಆ ನಗರದ ಪುರಾತತ್ವ ಸಂಗ್ರಹಾಲಯದಲ್ಲಿದೆ. ಸ್ಮಶಾನದ ಒಂದಷ್ಟು ಭಾಗ ಇನ್ನೂ ಅಗೆಯದೆ ಮಣ್ಣಿನಡಿಯೇ ಉಳಿದಿದೆ.