ಮಧುಮೇಹಿಗಳಿಗೆ ಗುಂಪು ಶಿಕ್ಷಣ: ಪರಿಕರಗಳು, ಕಾರ್ಯಕರ್ತರ ದೃಷ್ಟಿ ಮತ್ತು ಗಡಿಭಾಗದ ಭಾಷೆ

ಮಧುಮೇಹವುಳ್ಳ ಆರೆಂಟು ಜನರನ್ನು ಒಟ್ಟಿಗೆ ಕೂರಿಸಿ, ಚಿತ್ರ, ಮಾದರಿ ಮತ್ತು ಪ್ರಶ್ನೆಗಳ ಮೂಲಕ ಕಾಯಿಲೆಯ ನಿರ್ವಹಣೆಯನ್ನು ಕಲಿಸುವ ಕ್ರಮವೇ ಗುಂಪು ಶಿಕ್ಷಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಪ್ರತಿಯೊಬ್ಬರಿಗೂ ಬಿಡಿಯಾಗಿ ವಿವರಿಸಲು ವೈದ್ಯರಿಗೆ ಬಿಡುವು ಸಾಲದು.

ಪರಿಕರಗಳು

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಸಹಯೋಗದಲ್ಲಿ ರೂಪುಗೊಂಡ ‘ಕಾನ್ವರ್ಸೇಷನ್ ಮ್ಯಾಪ್’ ಇವುಗಳಲ್ಲಿ ಪ್ರಸಿದ್ಧವಾದುದು. ಮೇಜಿನ ಮೇಲೆ ಹರಡುವ ಈ ದೊಡ್ಡ ಚಿತ್ರಪಟದ ಸುತ್ತ ರೋಗಿಗಳು ಕುಳಿತು ಮಾತಾಡುತ್ತಾರೆ. ಕಾರ್ಯಕರ್ತರು ಉಪನ್ಯಾಸ ನೀಡದೆ ಚರ್ಚೆಯನ್ನು ನಡೆಸಿಕೊಡುತ್ತಾರೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಧುಮೇಹದ ಅಪಾಯವಿದ್ದ 1,007 ಜನರ ನಡುವೆ ನಡೆದ ಸಹವರ್ತಿ ಗುಂಪುಗಳ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹೊಸದಾಗಿ ಮಧುಮೇಹ ಬರುವ ಪ್ರಮಾಣ ಗಮನಾರ್ಹವಾಗಿ ತಗ್ಗಲಿಲ್ಲವಾದರೂ ಜೀವನಶೈಲಿಯಲ್ಲಿ ಕೆಲವು ಸುಧಾರಣೆಗಳು ಕಂಡುಬಂದವು.

ಕಾರ್ಯಕರ್ತರ ದೃಷ್ಟಿ

ವೈದ್ಯರ ಮುಂದೆ ಸುಮ್ಮನಿರುವ ರೋಗಿ ತನ್ನಂಥವರ ನಡುವೆ ಬಾಯಿ ಬಿಡುತ್ತಾನೆ ಎಂಬುದು ಇಂಥ ಪರಿಕರಗಳನ್ನು ಮೆಚ್ಚುವವರ ಮುಖ್ಯ ವಾದ. ಸಮಯ, ಸ್ಥಳ ಮತ್ತು ತರಬೇತಿಯ ಕೊರತೆ, ಸ್ಥಳೀಯವಲ್ಲದ ಆಹಾರದ ಚಿತ್ರಗಳು ಹಾಗೂ ಭಾಷೆ ಎದುರಾಗುವ ತೊಡಕುಗಳು.

ಬಿದ್ರಿ ಪರಿಸರದಲ್ಲಿ

ಕಾಗಲ ತಾಲೂಕಿನ ಬಿದ್ರಿ, ದೂಧಗಂಗಾ–ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯ ಊರು. ಕಬ್ಬಿನ ಈ ಸೀಮೆಯಲ್ಲಿ ಚಿತ್ರಪಟವು ಮೊದಲು ಹೇಳಬೇಕಾದುದು ಬೆಲ್ಲದ ವಿಷಯ: ಸಕ್ಕರೆಯಂತೆ ಬೆಲ್ಲವೂ ರಕ್ತದ ಗ್ಲೂಕೋಸನ್ನು ಏರಿಸುತ್ತದೆ. ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ರೊಟ್ಟಿ ಅಥವಾ ಅನ್ನ, ಉಳಿದ ಕಾಲು ಭಾಗ ಬೇಳೆಕಾಳು ಎಂಬುದನ್ನು ಮನೆಯ ತಟ್ಟೆಯಲ್ಲೇ ತೋರಿಸಬಹುದು. ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ ನಿತ್ಯ ಪಾದ ಪರೀಕ್ಷೆಯ ಪಾಠ ಅತ್ಯಗತ್ಯ. ಗ್ಲೂಕೋಸು 70 ಮಿಲಿಗ್ರಾಂಗಿಂತ ಕೆಳಗಿಳಿದು ನಡುಕ, ಬೆವರು ಕಂಡಾಗ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು; ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಭಾಷೆಯ ಪ್ರಶ್ನೆ

ಇನ್ಸುಲಿನ್ ಪ್ರಮಾಣವನ್ನು ತಪ್ಪಾಗಿ ಅರ್ಥೈಸಿಕೊಂಡರೆ ಪ್ರಾಣಕ್ಕೇ ಕುತ್ತು. ಜಿಲ್ಲೆ ಅಥವಾ ತಾಲೂಕಿನ ಜನಸಂಖ್ಯೆಯಲ್ಲಿ ಶೇ. 15ರಷ್ಟಿರುವ ಅಲ್ಪಸಂಖ್ಯಾತರ ಭಾಷೆಯಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳು ದೊರೆಯಬೇಕೆಂಬುದು ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಕ್ರಮಗಳಲ್ಲೊಂದು. ಆರೋಗ್ಯದ ವಿಷಯದಲ್ಲಿ ಆ ಶೇಕಡಾವಾರನ್ನು ಕಾಯುತ್ತ ಕೂರುವುದು ಸಲ್ಲದು. ಮರಾಠಿ ಪಟದ ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲು ಅಚ್ಚಾದರೆ, ಎರಡೂ ನುಡಿ ಬಲ್ಲ ಆಶಾ ಕಾರ್ಯಕರ್ತೆಯ ಕೆಲಸ ಹಗುರವಾದೀತು. ಮನೆಯ ಹಿರಿಯರು ತಮ್ಮ ಔಷಧವನ್ನು ತಾವೇ ಅರಿತು ತೆಗೆದುಕೊಂಡಾರು.