ಎರಡು ಕಾಲುವೆ, ಒಂದು ಹುಟ್ಟು

ಆಲಪ್ಪುಳದ ವಿಳಾಸಗಳಲ್ಲಿ ವಿಸಿಎನ್‌ಬಿ, ವಿಸಿಎಸ್‌ಬಿ, ಸಿಸಿಎನ್‌ಬಿ, ಸಿಸಿಎಸ್‌ಬಿ ಎಂಬ ಅಕ್ಷರಗಳು ಬರುತ್ತವೆ. ಮೊದಲ ಸಲ ನೋಡಿದವರಿಗೆ ಯಾವುದೋ ಸರ್ಕಾರಿ ಇಲಾಖೆಯ ಹೆಸರಿನಂತೆ ಕಾಣುತ್ತದೆ. ಬಿಡಿಸಿ ಓದಿದರೆ ಅರ್ಥ ಸರಳ. ವಾಡೈ ಕಾಲುವೆಯ ಉತ್ತರ ದಂಡೆ, ದಕ್ಷಿಣ ದಂಡೆ. ಕಮರ್ಷಿಯಲ್ ಕಾಲುವೆಯ ಉತ್ತರ ದಂಡೆ, ದಕ್ಷಿಣ ದಂಡೆ. ಈ ರಸ್ತೆಗಳಿಗೆ ಬೇರೆ ಹೆಸರಿಲ್ಲ. ನೀರಿನ ಯಾವ ಬದಿಗಿವೆ ಎಂಬುದೇ ಅವುಗಳ ಹೆಸರು. ಮೊದಲು ಕಾಲುವೆ ಬಂತು, ಆಮೇಲೆ ಊರು, ಕೊನೆಗೆ ರಸ್ತೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಈ ಊರನ್ನು ‘ಪೂರ್ವದ ವೆನಿಸ್’ ಎಂದು ಕರೆಯುವುದು ರೂಢಿ. ಲಾರ್ಡ್ ಕರ್ಜನ್ ಹಾಗೆಂದನಂತೆ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲೆಲ್ಲ ಓಡಾಡುತ್ತದೆ. ಯಾರು ಹೇಳಿದ್ದರೂ ಆ ಹೋಲಿಕೆ ನಮ್ಮ ಕಣ್ಣನ್ನು ಅಂದದ ಕಡೆಗೆ ತಿರುಗಿಸಿಬಿಡುತ್ತದೆ. ಆಲಪ್ಪುಳದ ಕಾಲುವೆಗಳನ್ನು ಅಂದಕ್ಕಾಗಿ ತೋಡಲಿಲ್ಲ. ಅವನ್ನು ತೋಡಿದ್ದು ಮೆಣಸಿನ ಮೂಟೆ ಸಾಗಿಸಲು. ಈ ವ್ಯತ್ಯಾಸ ನನಗೆ ಮನದಟ್ಟಾದದ್ದು ನೀರಿಗೆ ಒಂದು ಗೇಣು ಮೇಲೆ ಕೂತು ಕಯಾಕ್ ನಡೆಸುವುದನ್ನು ಕಲಿತ ಒಂದು ಬೆಳಗ್ಗೆ.

ನಾನು ಚೆನ್ನೈಗೆ ಬಂದು ಒಂಬತ್ತು ವರ್ಷ. ಆಫೀಸಿನ ನಾಲ್ಕು ಜನ ರಾತ್ರಿ ರೈಲು ಹತ್ತಿ ಆಲಪ್ಪುಳಕ್ಕೆ ಹೋಗಿದ್ದೆವು. ಉಳಿದವರಿಗೆ ಹೌಸ್‌ಬೋಟಿನ ಆಸೆ, ನನಗೆ ಕಯಾಕಿನದು. ಪುನ್ನಮಡ ಕೆರೆಗೆ ಸೇರುವ ಸಣ್ಣ ತೋಡೊಂದರ ದಂಡೆಯಲ್ಲಿ ಪಾಠ. ಕಲಿಸುವ ಹುಡುಗನಿಗೆ ಇಪ್ಪತ್ತೈದು ದಾಟಿರಲಿಲ್ಲ. ಅವನ ಅಜ್ಜ ಭತ್ತದ ದೋಣಿಗೆ ಗಳ ಹಾಕುತ್ತಿದ್ದವರು. ಅವನಿಗೆ ಕನ್ನಡ ಬಾರದು, ನನಗೆ ಮಲಯಾಳಂ ಅರ್ಧಂಬರ್ಧ. ತಮಿಳು, ಇಂಗ್ಲಿಷ್ ಸೇರಿಸಿ ಸಾಗಿತು.

ಮೊದಲ ಅರ್ಧ ಗಂಟೆ ನೆಲದ ಮೇಲೆಯೇ. ಕಯಾಕಿನಲ್ಲಿ ಕಾಲು ಚಾಚಿ ಕೂರಬೇಕು, ಪಾದಕ್ಕೆ ಆನಿಕೆ ಸಿಗಬೇಕು, ಬೆನ್ನು ನೇರ ಇರಬೇಕು. ಹುಟ್ಟಿಗೆ ಎರಡೂ ತುದಿಯಲ್ಲಿ ಎಲೆ. ಎರಡು ಕೈಗಳ ನಡುವೆ ಭುಜಕ್ಕಿಂತ ಸ್ವಲ್ಪ ಹೆಚ್ಚು ಅಂತರ. “ಕೈಯಿಂದ ಎಳೆಯಬೇಡಿ ಚೇಚಿ, ಸೊಂಟದಿಂದ ತಿರುಗಿ” ಎಂದ. ತೋಳಿನ ಬಲ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಸೊಂಟದ್ದು ದಿನವಿಡೀ ಬರುತ್ತದೆ. ಎಲೆಯನ್ನು ಪಾದದ ಹತ್ತಿರ ನೀರಿಗಿಳಿಸಿ ಸೊಂಟದ ಹತ್ತಿರ ಮೇಲೆತ್ತಬೇಕು. ತಿರುಗಬೇಕಾದರೆ ಹುಟ್ಟನ್ನು ದೂರಕ್ಕೆ ಚಾಚಿ ಅರ್ಧಚಂದ್ರ ಬರೆಯಬೇಕು. ಎಡಕ್ಕೆ ತಿರುಗಲು ಬಲಗಡೆ, ಬಲಕ್ಕೆ ತಿರುಗಲು ಎಡಗಡೆ.

ಎರಡನೆಯ ಪಾಠ ಬೇಕೆಂದೇ ಮಗುಚುವುದು. ಎದೆಮಟ್ಟದ ನೀರಿನಲ್ಲಿ ಕಯಾಕನ್ನು ಬುಡಮೇಲು ಮಾಡಿ, ಮತ್ತೆ ನೆಟ್ಟಗೆ ತಿರುಗಿಸಿ, ಹೊಟ್ಟೆಯ ಮೇಲೆ ಅಡ್ಡಡ್ಡ ಹತ್ತಿ ಕೂರಬೇಕು. ಲೈಫ್ ಜಾಕೆಟ್ ಇದ್ದರೂ ಈ ಅಭ್ಯಾಸವಾಗದೆ ಅವನು ಯಾರನ್ನೂ ಆಳಕ್ಕೆ ಬಿಡುವುದಿಲ್ಲ. ಈ ಕಟ್ಟುನಿಟ್ಟು ಅಲ್ಲಿ ಅರ್ಥವಾಗುವಂಥದ್ದು. 1924ರ ಜನವರಿಯಲ್ಲಿ ಕೊಲ್ಲಂ ಮತ್ತು ಆಲಪ್ಪುಳದ ನಡುವೆ ಓಡುತ್ತಿದ್ದ ‘ರಿಡೀಮರ್’ ಎಂಬ ಬೋಟು ಮಿತಿಮೀರಿ ಜನರನ್ನು ತುಂಬಿಕೊಂಡು ಪಲ್ಲನದ ಬಳಿ ಮುಳುಗಿತು. ಸತ್ತವರಲ್ಲಿ ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಒಬ್ಬರು. ಕವಿಯೊಬ್ಬ ರಾತ್ರಿ ಬೋಟಿನಲ್ಲಿ ಪಯಣಿಸುವುದು ಅಂದಿನ ತಿರುವಾಂಕೂರಿನಲ್ಲಿ ವಿಶೇಷವೇನಲ್ಲ. ನಾವು ರಾತ್ರಿ ಬಸ್ಸು ಹತ್ತುವಷ್ಟೇ ಸಹಜ. ಹೆದ್ದಾರಿ ಎಂದರೆ ನೀರೇ ಆಗಿತ್ತು.

ಆ ಹೆದ್ದಾರಿಗೆ ಆಲಪ್ಪುಳ ಹೇಗೆ ಕೊನೆಯ ನಿಲ್ದಾಣವಾಯಿತು ಎಂಬುದು ಹದಿನೆಂಟನೆಯ ಶತಮಾನದ ಕತೆ. ಕೊಚ್ಚಿ ಬಂದರು 1663ರಿಂದ ಡಚ್ಚರ ಕೈಯಲ್ಲಿತ್ತು. ತಿರುವಾಂಕೂರಿನ ಮಾರ್ತಾಂಡವರ್ಮ 1741ರಲ್ಲಿ ಕೊಳಚ್ಚಲಿನಲ್ಲಿ ಡಚ್ಚರನ್ನು ಸೋಲಿಸಿದ, ಕರಿಮೆಣಸಿನ ವ್ಯಾಪಾರವನ್ನು ರಾಜ್ಯದ ಏಕಸ್ವಾಮ್ಯ ಮಾಡಿಕೊಂಡ. ಆದರೆ ಮೆಣಸು ಕೈಗೆ ಬಂದರೆ ಸಾಲದು, ಅದನ್ನು ಡಚ್ಚರ ಹಂಗಿಲ್ಲದೆ ಹಡಗಿಗೆ ಏರಿಸಲು ಸ್ವಂತ ಬಂದರು ಬೇಕು. ಅವನ ನಂತರ ಪಟ್ಟಕ್ಕೆ ಬಂದ ಧರ್ಮರಾಜನ ಕಾಲದಲ್ಲಿ, 1762ರಲ್ಲಿ, ಆಲಪ್ಪುಳ ಬಂದರು ತೆರೆಯಿತು. ಅದನ್ನು ಪಟ್ಟಣವಾಗಿ ಬೆಳೆಸಿದ ಹೆಸರು ದಿವಾನ ರಾಜಾ ಕೇಶವದಾಸನದು.

ಜಾಗದ ಆಯ್ಕೆ ಕುತೂಹಲದ್ದು. ಆಲಪ್ಪುಳಕ್ಕೆ ಕೊಚ್ಚಿಯಂತೆ ಅಳಿವೆಯಿಲ್ಲ, ಹಡಗು ಒಳಗೆ ಬಂದು ನಿಲ್ಲುವ ಜಾಗವಿಲ್ಲ. ಇರುವುದು ತೆರೆದ ಕಡಲು. ಆದರೆ ಆ ಕರಾವಳಿಯಲ್ಲಿ ಮಳೆಗಾಲಕ್ಕೆ ತಳದ ಕೆಸರು ಎದ್ದು ತೇಲಿ ಅಲೆಗಳ ರಭಸವನ್ನು ಕುಡಿದುಬಿಡುತ್ತದೆ. ಮಲಯಾಳದಲ್ಲಿ ಇದಕ್ಕೆ ‘ಚಾಕರ’ ಎನ್ನುತ್ತಾರೆ. ಪಡುವಣ ತೀರವೆಲ್ಲ ಅಬ್ಬರಿಸುತ್ತಿರುವಾಗ ಇಲ್ಲಿ ಹಡಗು ಲಂಗರು ಹಾಕಿ ಸರಕು ತುಂಬಬಹುದಿತ್ತು. ಇನ್ನೊಂದು ಬದಿಗೆ, ಕೆಲವೇ ಕಿಲೋಮೀಟರ್ ಪೂರ್ವಕ್ಕೆ, ವೇಂಬನಾಡು ಹಿನ್ನೀರು. ಪಂಪಾ, ಮಣಿಮಲ, ಮೀನಚ್ಚಿಲ್, ಅಚ್ಚನ್‌ಕೋವಿಲ್ ನದಿಗಳು ಘಟ್ಟದಿಂದ ಇಳಿದು ಸೇರುವುದು ಅಲ್ಲಿಗೇ. ಘಟ್ಟದ ಮೆಣಸು, ಏಲಕ್ಕಿ, ಮರ ದೋಣಿಯಲ್ಲಿ ಹಿನ್ನೀರಿನ ತನಕ ತಾನಾಗಿ ಬರುತ್ತಿತ್ತು. ಉಳಿದದ್ದು ಹಿನ್ನೀರಿಗೂ ಕಡಲಿಗೂ ನಡುವಿನ ಮರಳು ಪಟ್ಟಿ. ಅದನ್ನು ದಾಟಿಸಲು ತೋಡಿದವೇ ಪೂರ್ವ ಪಶ್ಚಿಮವಾಗಿ ಹೆಚ್ಚುಕಡಿಮೆ ಸಮಾನಾಂತರ ಸಾಗುವ ಎರಡು ಕಾಲುವೆಗಳು. ದಂಡೆಗಳ ಮೇಲೆ ಗೋದಾಮು ಎದ್ದವು. ವ್ಯಾಪಾರ ನಡೆಸಲು ಮುಂಬಯಿ ಮತ್ತು ಕಚ್ಛ್ ಕಡೆಯ ವರ್ತಕರನ್ನು ದಿವಾನ ಕರೆಸಿ ನೆಲೆಗೊಳಿಸಿದ. ಗುಜರಾತಿಗಳು, ಕೊಂಕಣಿಗರು, ತಮಿಳರು ಬಂದು ಕೂತ ಪೇಟೆ ಅದು. ಅಂದರೆ ಆಲಪ್ಪುಳ ಹುಟ್ಟಿದ್ದೇ ನಮ್ಮಂಥ ಪರವೂರಿನವರಿಂದ.

ಕೇಶವದಾಸನ ಹೆಸರು ಕನ್ನಡಿಗರಿಗೆ ಅಷ್ಟು ಪರಿಚಿತವಲ್ಲ. ಆದರೆ ಅವನು ನಮ್ಮ ಇತಿಹಾಸದ ಪಾಠದ ಆಚೆ ಬದಿಯಲ್ಲಿ ನಿಂತಿದ್ದಾನೆ. 1789ರಲ್ಲಿ ತಿರುವಾಂಕೂರು ಡಚ್ಚರಿಂದ ಕ್ರಾಂಗನೂರು ಮತ್ತು ಆಯಕೋಟೆ ಕೋಟೆಗಳನ್ನು ಕೊಂಡಿತು. ಅವು ತನ್ನ ಅಧೀನದ ಕೊಚ್ಚಿ ರಾಜ್ಯಕ್ಕೆ ಸೇರಿದ್ದೆಂದು ಟಿಪ್ಪು ಆಕ್ಷೇಪಿಸಿದ. ಆ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಸೈನ್ಯ ನೆಡುಂಕೋಟೆಯ ಸಾಲಿಗೆ ನುಗ್ಗಿ ಹಿಮ್ಮೆಟ್ಟಬೇಕಾಯಿತು. ಮುಂದಿನ ಏಪ್ರಿಲ್ಲಿನಲ್ಲಿ ಟಿಪ್ಪು ಕೋಟೆ ಒಡೆದು ಆಲುವದ ತನಕ ಬಂದ. ಅಷ್ಟರಲ್ಲಿ ಇಂಗ್ಲಿಷರು ಯುದ್ಧಕ್ಕಿಳಿದರು, ಮಳೆಗಾಲವೂ ಹತ್ತಿರವಾಗಿತ್ತು, ಅವನು ಹಿಂದಿರುಗಿದ. ನಾವು ಶಾಲೆಯಲ್ಲಿ ಓದಿದ ಮೂರನೆಯ ಮೈಸೂರು ಯುದ್ಧ ಹೀಗೆ ಶುರುವಾಗಿ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮುಗಿಯಿತು. ಆ ಹೊತ್ತಿಗೆ ತಿರುವಾಂಕೂರಿನ ದಿವಾನನಾಗಿದ್ದವನು ಇದೇ ಕೇಶವದಾಸ. ಟಿಪ್ಪು, ಕೇಶವದಾಸ ಇಬ್ಬರೂ ತೀರಿಕೊಂಡದ್ದು 1799ರಲ್ಲಿ. ಒಬ್ಬ ಯುದ್ಧದಲ್ಲಿ, ಇನ್ನೊಬ್ಬ ಅರಮನೆಯ ಒಳಜಗಳದಲ್ಲಿ ಪದವಿ ಕಳೆದುಕೊಂಡು. ಇಬ್ಬರಿಗೂ ಮಲಬಾರಿನ ಮೆಣಸು ಎಷ್ಟು ಬೇಕಾಗಿತ್ತು ಎಂಬುದನ್ನು ನಕ್ಷೆ ಮುಂದಿಟ್ಟುಕೊಂಡು ನೋಡಿದರೆ ಯುದ್ಧದ ಪಾಠ ಬೇರೆ ಥರ ಓದಿಸಿಕೊಳ್ಳುತ್ತದೆ.

ಮೆಣಸಿನ ನಂತರ ತೆಂಗಿನ ನಾರು. 1859ರಲ್ಲಿ ಜೇಮ್ಸ್ ಡಾರಾ ಎಂಬವನು ಇಲ್ಲಿ ಮೊದಲ ನಾರಿನ ಕಾರ್ಖಾನೆ ತೆರೆದ. 1862ರಲ್ಲಿ ದೀಪಸ್ತಂಭ ಬೆಳಗಿತು, ಕಡಲೊಳಕ್ಕೆ ಚಾಚಿದ ಕಟ್ಟೆಯೂ ಆಯಿತು. ಹಿನ್ನೀರಿನಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆ, ಹೆಂಗಸರು ಹೊಸೆದ ಹುರಿ ದೋಣಿಯಲ್ಲಿ ಬಂದು, ಮಗ್ಗದಲ್ಲಿ ಚಾಪೆಯಾಗಿ ಯೂರೋಪಿಗೆ, ಅಮೆರಿಕಕ್ಕೆ ಹೊರಟವು. ಈ ಕಾರ್ಮಿಕರೇ 1922ರಲ್ಲಿ ವಾಡಪ್ಪುರಂ ಪಿ. ಕೆ. ಬಾವಾ ಅವರ ಮುಂದಾಳತ್ವದಲ್ಲಿ ತಿರುವಾಂಕೂರು ಲೇಬರ್ ಅಸೋಸಿಯೇಷನ್ ಕಟ್ಟಿದರು. ಕೇರಳದ ಕಾರ್ಮಿಕ ಚಳವಳಿ ಮೊಳೆತದ್ದು ಇಲ್ಲಿ. 1938ರ ಸಾರ್ವತ್ರಿಕ ಮುಷ್ಕರ, 1946ರ ಅಕ್ಟೋಬರಿನ ಪುನ್ನಪ್ರ–ವಯಲಾರ್ ಹೋರಾಟ ಮತ್ತು ಅದರ ರಕ್ತಪಾತ, ಎಲ್ಲದರ ಹಿಂದೆ ಇದೇ ನೀರ ದಾರಿಯಲ್ಲಿ ಸಾಗಿದ ನಾರಿನ ದುಡಿಮೆಯಿದೆ.

ಕಯಾಕಿನಿಂದ ಈ ದುಡಿಮೆಯ ಗುರುತು ಕಾಣುತ್ತದೆ. ರಸ್ತೆಯಲ್ಲಿ ಹೋಗುವಾಗ ಮನೆಗಳ ಗೇಟು ಕಾಣುವುದು, ಕಾಲುವೆ ಅವುಗಳ ಹಿತ್ತಲು. ನೀರಿನ ಮೇಲಿಂದ ನೋಡಿದರೆ ತಿರುಗುಮುರುಗು. ಹಳೆಯ ಮನೆಗಳಿಗೆ ನೀರಿಗಿಳಿಯುವ ಮೆಟ್ಟಿಲಿವೆ, ಮಲಯಾಳದಲ್ಲಿ ಕಡವು. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ದೋಣಿ ಹತ್ತುವುದು ಅಲ್ಲೇ. ನನ್ನ ಗುರು ದಂಡೆಗೆ ಕಟ್ಟಿದ್ದ ಕೆಟ್ಟುವಳ್ಳವೊಂದರ ಪಕ್ಕಕ್ಕೆ ಕರೆದೊಯ್ದು ಹಲಗೆಗಳ ಸಂದು ಮುಟ್ಟಿಸಿದ. ಮೊಳೆಯಿಲ್ಲ, ಆಂಜಿಲಿ ಮರದ ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದಿದ್ದಾರೆ. ಇಂದು ಹವಾನಿಯಂತ್ರಿತ ಕೋಣೆ ಹೊತ್ತಿರುವ ಹೌಸ್‌ಬೋಟುಗಳ ಪೂರ್ವಜ ಇದೇ ಭತ್ತದ ದೋಣಿ. ಅದು ಹೊತ್ತ ಭತ್ತ ಕುಟ್ಟನಾಡಿನದು. ಅಲ್ಲಿ ಹಿನ್ನೀರಿಗೆ ಒಡ್ಡು ಕಟ್ಟಿ, ಒಳಗಿನ ನೀರು ಹೊರಚೆಲ್ಲಿ, ಸಮುದ್ರಮಟ್ಟಕ್ಕಿಂತ ಕೆಳಗೆ ಗದ್ದೆ ಮಾಡುತ್ತಾರೆ. ಕೆಸರಿಗೆ ಮುಳುಗಿ ಒಡ್ಡು ಕಟ್ಟಿದವರು ಬಹುಪಾಲು ಪುಲಯರು. ಆ ಗದ್ದೆ ಅವರದಾಗಿರಲಿಲ್ಲ. ತಗಳಿ ಶಿವಶಂಕರ ಪಿಳ್ಳೆಯವರು ತಮ್ಮ ‘ರಂಡಿಡಂಗಳಿ’ ಕಾದಂಬರಿಗೆ ವಸ್ತು ಮಾಡಿಕೊಂಡದ್ದು ಇವರ ಬದುಕನ್ನೇ.

ಒಂದು ತಿರುವಿನಲ್ಲಿ ನನ್ನ ಹುಟ್ಟು ನೇರಳೆ ಹೂವಿನ ಜಲಕಳೆಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಇದಕ್ಕೆ ಪೋಳ ಎನ್ನುತ್ತಾರೆ. “ಮೊದಲು ಉಪ್ಪು ನೀರು ಬಂದು ಇದನ್ನು ಸಾಯಿಸುತ್ತಿತ್ತಂತೆ, ಅಜ್ಜ ಹೇಳುತ್ತಿದ್ದರು” ಎಂದ ಹುಡುಗ. ವಿಷಯ ನಿಜ. ಬೇಸಿಗೆಯಲ್ಲಿ ಕಡಲ ಉಪ್ಪು ಗದ್ದೆಗೆ ನುಗ್ಗದಂತೆ ತಡೆಯಲು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಒಡ್ಡು ಕಟ್ಟಿದರು. ಭತ್ತಕ್ಕೆ ಅನುಕೂಲವಾಯಿತು. ಆದರೆ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ದಕ್ಷಿಣದ ನೀರು ನಿಂತುಬಿಡುತ್ತದೆ. ಕಳೆ ಬೆಳೆಯುತ್ತದೆ, ಮೀನು ಮೇಲೆ ಕೆಳಗೆ ಓಡಾಡುವ ದಾರಿ ಕಟ್ಟುತ್ತದೆ. ರೈತನಿಗೂ ಮೀನುಗಾರನಿಗೂ ಅಲ್ಲಿ ಇಂದಿಗೂ ಜಗಳವಿದೆ, ಇಬ್ಬರದೂ ನ್ಯಾಯವಾದ ಜಗಳ.

ಕಾಲುವೆಗಳ ಅವನತಿಗೆ ಒಂದೇ ಕಾರಣವಿಲ್ಲ. 1920ರ ನಂತರ ರಾಬರ್ಟ್ ಬ್ರಿಸ್ಟೋ ಕೊಚ್ಚಿಯ ಅಳಿವೆಯ ಮರಳು ದಿಬ್ಬ ತೆಗೆಸಿ ಆಳದ ಬಂದರು ಮಾಡಿದ. ದೊಡ್ಡ ಹಡಗುಗಳು ಅತ್ತ ಹೋದವು. ಆಮೇಲೆ ಲಾರಿ ಬಂತು. ಆಲಪ್ಪುಳಕ್ಕೆ ಕೊನೆಯ ಹಡಗು ಬಂದದ್ದು 1989ರಲ್ಲಿ. ಎರ್ನಾಕುಳಂ ಕಡೆಯಿಂದ ರೈಲು ಬಂದದ್ದೂ ಅದೇ ವರ್ಷ. ಸರಕಿಲ್ಲದ ಕಾಲುವೆಯ ಹೂಳು ತೆಗೆಯಲು ವರ್ತಕನಿಗೆ ಆಸಕ್ತಿಯಿಲ್ಲ, ಊರಿಗೆ ಅದು ಚರಂಡಿಯಾಯಿತು. ಈಚಿನ ವರ್ಷಗಳಲ್ಲಿ ಐಐಟಿ ಬಾಂಬೆ ಮತ್ತು ಕೇರಳದ ‘ಕಿಲಾ’ ಸಂಸ್ಥೆಯವರು ವಿದ್ಯಾರ್ಥಿಗಳನ್ನು ಕರೆತಂದು ‘ಕನಾಲ್ಪಿ’ ಎಂಬ ಹೆಸರಿನಲ್ಲಿ, ಯಾವ ಮನೆಯ ಕೊಳಚೆ ಎಲ್ಲಿ ಕಾಲುವೆಗೆ ಸೇರುತ್ತದೆ ಎಂದು ಮನೆಮನೆ ಸುತ್ತಿ ನಕ್ಷೆ ಮಾಡಿಸಿದರು. ಹೂಳೆತ್ತುವುದಕ್ಕಿಂತ ಇದು ಕಷ್ಟದ ಕೆಲಸ. ಹೂಳು ಎತ್ತಿದರೆ ಮತ್ತೆ ತುಂಬುತ್ತದೆ, ಬರುವ ದಾರಿ ಗೊತ್ತಾದರೆ ತಡೆಯಬಹುದು.

ಚೆನ್ನೈಯಲ್ಲಿರುವ ನನ್ನಂಥವರಿಗೆ ಇದು ದೂರದ ಕತೆಯಲ್ಲ. ನಮ್ಮ ಬಕಿಂಗ್‌ಹ್ಯಾಮ್ ಕಾಲುವೆಯ ಮೊದಲ ಭಾಗ 1806ರದು. ಊರೊಳಗೆ ಕೂವಂ, ಅಡ್ಯಾರ್ ನದಿಗಳನ್ನು ಕೂಡಿಸುವ ತುಂಡನ್ನು 1877–78ರಲ್ಲಿ ಬರಗಾಲದ ಕೂಲಿಯವರು ತೋಡಿದರು. ಅದು ಮೈಸೂರು ಸೀಮೆಯಲ್ಲಿ ಐದರಲ್ಲೊಂದು ಪಾಲು ಜನರನ್ನು ನುಂಗಿದ ಅದೇ ಬರ. ಉಪ್ಪು, ಸೌದೆ ಹೊತ್ತ ದೋಣಿಗಳು ಆ ಕಾಲುವೆಯಲ್ಲಿ ಆಂಧ್ರದಿಂದ ಬರುತ್ತಿದ್ದವು. ಇಂದು ಅದರೊಳಗೇ ಎಂಆರ್‌ಟಿಎಸ್ ರೈಲಿನ ಕಂಬಗಳು ನಿಂತಿವೆ, ಕೆಳಗೆ ಕಪ್ಪು ನೀರು. ದಿನಾ ಆ ರೈಲಿನಲ್ಲಿ ಆಫೀಸಿಗೆ ಹೋಗುವವರಿಗೆ ತಾವು ಒಂದು ಹಳೆಯ ಹೆದ್ದಾರಿಯ ಮೇಲೆ ಹೋಗುತ್ತಿದ್ದೇವೆ ಎಂಬುದು ತಿಳಿದಿರುವುದಿಲ್ಲ.

ಆಲಪ್ಪುಳ ಇನ್ನೂ ಆ ಗತಿಗೆ ಬಂದಿಲ್ಲ, ಮತ್ತು ಅದಕ್ಕೆ ಕಾರಣ ಹೌಸ್‌ಬೋಟಲ್ಲ ಎಂದು ನನಗನ್ನಿಸುತ್ತದೆ. ಕೇರಳ ಜಲಸಾರಿಗೆ ಇಲಾಖೆಯ ಬೋಟುಗಳು ಈಗಲೂ ಊರಿನ ಜೆಟ್ಟಿಯಿಂದ ಕುಟ್ಟನಾಡಿನ ಹಳ್ಳಿಗಳಿಗೆ, ಕೋಟ್ಟಯಂಗೆ ಹೊರಡುತ್ತವೆ. ಟಿಕೆಟ್ ಬಸ್ಸಿನಷ್ಟೇ ಅಗ್ಗ. ಯೂನಿಫಾರ್ಮಿನ ಮಕ್ಕಳು, ನರ್ಸುಗಳು, ತರಕಾರಿ ಚೀಲದ ಹೆಂಗಸರು ಹತ್ತಿ ಇಳಿಯುತ್ತಾರೆ. ಬೋಟು ತಡವಾದರೆ ಬೈಯುತ್ತಾರೆ, ಪೋಳ ದಾರಿ ಕಟ್ಟಿದರೆ ಅರ್ಜಿ ಕೊಡುತ್ತಾರೆ. ನೀರಿನ ಮೇಲೆ ತಮಗೆ ಹಕ್ಕಿದೆ ಎಂದು ತಿಳಿದ ಜನ ಇವರು. ಪ್ರವಾಸಿ ಕೊಳಕು ಕಂಡರೆ ಇನ್ನೊಂದು ಊರಿಗೆ ಹೋಗುತ್ತಾನೆ. ಇವರಿಗೆ ಹೋಗಲು ಬೇರೆ ದಾರಿಯಿಲ್ಲ. ನೀವು ಆಲಪ್ಪುಳಕ್ಕೆ ಹೋದರೆ ಕಯಾಕ್ ಕಲಿಯಿರಿ, ಖಂಡಿತ. ಆದರೆ ಅದಕ್ಕೆ ಮುಂಚೆ ಒಮ್ಮೆ ಜೆಟ್ಟಿಯಲ್ಲಿ ಸರ್ಕಾರಿ ಬೋಟಿನ ಟಿಕೆಟ್ ಕೊಂಡು, ಶಾಲೆಯ ಹೊತ್ತಿಗೆ ಹತ್ತಿ ಕೂತುಕೊಳ್ಳಿ.